ಹರಿಕಥೆ ಮುಗಿದ ಮೇಲೆ ಬಂದ ದನಿ

ಕಾಮಾಕ್ಷಿಪಾಳ್ಯ, ಬೆಂಗಳೂರು
೧೮ ಆಗಸ್ಟ್ ೧೯೮೬

ಪ್ರೀತಿಯ ಯಜಮಾನರಿಗೆ,

ನಿಮ್ಮ ಗಿರಿಜೆಯ ನಮಸ್ಕಾರಗಳು. ನಾನು ಕೊಟ್ಟ ತಂತಿ ನೋಡಿ ಗಾಬರಿಯಾಗಬೇಡಿ. ಅತ್ತೆ ಗಟ್ಟಿಮುಟ್ಟಾಗಿದ್ದಾರೆ, ಈಗಲೂ ಹಿತ್ತಲಲ್ಲಿ ಕೂತು ಯಾರನ್ನೋ ಬೈಯುತ್ತಿದ್ದಾರೆ. ‘ಕೂಡಲೇ ಬನ್ನಿ’ ಅಂತ ಬರೆಸಿದವಳು ನಾನೇ. ತಂತಿ ಆಫೀಸಿನ ಗುಮಾಸ್ತರು “ಯಾರು ತೀರಿಕೊಂಡ್ರು ತಾಯೀ?” ಅಂತ ಕೇಳಿದರು. “ಯಾರೂ ಇಲ್ಲ ಸಾರ್, ಯಾರೂ ತೀರಿಕೊಳ್ಳಬಾರದು ಅಂತಲೇ ಕೊಡ್ತಾ ಇರೋದು” ಅಂದೆ. ಪಾಪ, ನನ್ನ ಮುಖ ನೋಡಿ ಚಿಲ್ಲರೆ ಎಣಿಸಿಕೊಟ್ಟರು.

ಕಾಗದ ಬರೆಯಲು ಇಷ್ಟು ತಡ ಮಾಡಿದ್ದಕ್ಕೆ ಬೈದುಕೊಳ್ಳಬೇಡಿ. ಹೋದ ಸಲ ನೀವು ಒಂದೇ ಸಾಲು ಬರೆದು ಕೈತೊಳೆದುಕೊಂಡಿರಲ್ಲ, ಅದಕ್ಕೆ ಮುನಿಸಿಕೊಂಡು ಕೂತಿದ್ದೆ. ಈಗ ಆ ಮುನಿಸೆಲ್ಲ ಎಲ್ಲಿ ಹೋಯಿತೋ, ಬರೀ ಹೆದರಿಕೆ ಉಳಿದಿದೆ. ಹಡಗು ಗೌರಿ ಹಬ್ಬದ ಹೊತ್ತಿಗೆ ಬೊಂಬಾಯಿಗೆ ಬರುತ್ತದೆ, ಅಲ್ಲಿಂದ ಮತ್ತೆ ಸಿಂಗಪೂರದ ಕಡೆ ಹೊರಡುತ್ತದೆ ಅಂತ ಹಿಂದೆ ತಿಳಿಸಿದ್ದಿರಿ. ಹೊರಡಬೇಡಿ ರೀ. ನಿಮಗೆ ಕೈಮುಗಿಯುತ್ತೇನೆ, ಬೊಂಬಾಯಿಯಲ್ಲಿ ಇಳಿದು ರೈಲು ಹತ್ತಿ. ರಾಜಾಜಿನಗರದ ಹಳೇ ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತು ನೀವು ತರುತ್ತಿದ್ದ ಸಂಬಳ ನಮಗೆ ಸಾಕು. ಹಡಗಿನ ಎಂಜಿನ್ನು ಯಾರು ಬೇಕಾದರೂ ರಿಪೇರಿ ಮಾಡಿಕೊಳ್ಳಲಿ.

ಯಾಕೆ ಅಂತ ಹೇಳುತ್ತೇನೆ, ಸಾವಧಾನವಾಗಿ ಓದಿ.

ನೀವು ತಂದುಕೊಟ್ಟ ಎರಡು ಕ್ಯಾಸೆಟ್ಟಿನ ಟೇಪ್‌ರೆಕಾರ್ಡರಿನಲ್ಲಿ ನಿಮ್ಮ ತಮ್ಮ ರೇವಣಸಿದ್ದಪ್ಪ ಸ್ನೇಹಿತರಿಗೆ ಹಾಡು ತುಂಬಿಕೊಡುತ್ತಿದ್ದದ್ದು ನಿಮಗೆ ಗೊತ್ತು. ಆಮೇಲೆ ಅವನು ಮಾಗಡಿ ರೋಡಿನ ಉಗ್ರಪ್ಪನ ಅಂಗಡಿಗೆ ರಾಶಿಗಟ್ಟಲೆ ತುಂಬಿ ಮಾರಲು ಶುರುಮಾಡಿದ. ಕಂಪನಿಯ ಕ್ಯಾಸೆಟ್ಟು ಒಂದನ್ನು ತರುವುದು, ಅದರಿಂದ ನಕಲು, ನಕಲಿನಿಂದ ನಕಲು. ಗುಂಡಿ ಒತ್ತಿ ಕಾಫಿಗೆ ಹೋದರೆ ಅದರ ಪಾಡಿಗೆ ಅದು ಕೊನೆಯವರೆಗೂ ತುಂಬಿಕೊಳ್ಳುತ್ತಿತ್ತು. ಕೂತು ಕೇಳುವವರು ಯಾರು? ಹೋದ ವಾರ ಉಗ್ರಪ್ಪನ ಅಂಗಡಿಗೆ ಪೊಲೀಸರು ಬಂದರು, ಜೊತೆಗೆ ಕ್ಯಾಸೆಟ್ ಕಂಪನಿಯವರು. ಉಗ್ರಪ್ಪನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ನಮ್ಮ ಹುಲಿ ಹಿಂಬಾಗಿಲಿನಿಂದ ಓಡಿದವನು ಕೆಂಗೇರಿಯ ಸೋದರತ್ತೆ ಮನೆಯಲ್ಲಿ ಕೂತಿದ್ದಾನೆ.

ಉಳಿದ ಕ್ಯಾಸೆಟ್ಟುಗಳನ್ನು ಅತ್ತೆ ರಾಗಿ ಡ್ರಮ್ಮಿನ ತಳಕ್ಕೆ ಹಾಕಿ ಮೇಲೆ ರಾಗಿ ಸುರಿದಿದ್ದಾರೆ. ಬೀಸಿಸೋಣ ಅಂದರೆ ಡ್ರಮ್ಮು ಮುಟ್ಟಲು ಬಿಡುತ್ತಿಲ್ಲ. ಮುದ್ದೆಯಿಲ್ಲದೆ ಅನ್ನ ಉಂಡೂ ಉಂಡೂ ಅವರಿಗೇ ಸಿಟ್ಟು, ಆ ಸಿಟ್ಟು ನನ್ನ ಮೇಲೆ. ನನ್ನ ಗತಿಯೋ, ಬೀದಿಯಲ್ಲಿ ಸ್ಕೂಟರ್ ನಿಂತರೆ ಕಿಟಕಿ ಮುಚ್ಚುತ್ತೇನೆ. ಮೊನ್ನೆ ಪೋಸ್ಟ್‌ಮ್ಯಾನನ ಖಾಕಿ ಅಂಗಿ ಕಂಡು ಹಿತ್ತಲಿಗೆ ಓಡಿ ಸೌದೆಯ ಹಿಂದೆ ಕೂತುಬಿಟ್ಟೆ.

ಪಕ್ಕದ ಮನೆಯ ಸಿದ್ದಬಸಪ್ಪ ಮೇಷ್ಟ್ರು ಧೈರ್ಯ ಹೇಳಲು ಬಂದು ಇನ್ನಷ್ಟು ಹೆದರಿಸಿದರು. “ಆ ಕಂಪನಿಯವರು ಪೈರಸಿ ಪೈರಸಿ ಅಂತಿದ್ರಲ್ಲಮ್ಮ, ಸಮುದ್ರದಲ್ಲಿ ಹಡಗು ದೋಚೋದಕ್ಕೂ ಅದೇ ಹೆಸರು” ಅಂದರು. ನನಗೆ ಮೈ ಉರಿದುಹೋಯಿತು. “ನಮ್ಮ ರೇವಣ್ಣ ಯಾರ ಕುತ್ತಿಗೆಗೆ ಚಾಕು ಹಿಡಿದಿದ್ದಾನೆ ಮೇಷ್ಟ್ರೇ? ಹಡಗಿಗೆ ಕಳ್ಳರು ಹತ್ತೋದೆಲ್ಲ ರಾಜರ ಕಾಲದ ಮಾತು. ನಮ್ಮನೆಯವರು ಹಡಗಲ್ಲೇ ಇದಾರೆ, ಒಂದು ದಿವಸಾನೂ ಹಂಗಂದಿಲ್ಲ” ಅಂತ ದಬಾಯಿಸಿ ಕಳಿಸಿದೆ. ನನ್ನ ನಾಲಿಗೆಗೆ ಏನು ಹೇಳಲಿ.

ಮಾರನೆಯ ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ಪೊಲೀಸರೇ ಬಂದರು ಅಂದುಕೊಂಡೆ. ಅತ್ತೆ ಹೋಗಿ ಡ್ರಮ್ಮಿನ ಮೇಲೇ ಕೂತರು. ಬಾಗಿಲು ತೆರೆದರೆ ಹಿಂದಿನ ಬೀದಿಯ ನರಸಮ್ಮ, ಗಾರ್ಮೆಂಟ್ಸಿಗೆ ಹೋಗುವವಳು. ಸೆರಗಿನ ಕೆಳಗೆ ಒಂದು ಕ್ಯಾಸೆಟ್ಟು ಮುಚ್ಚಿಕೊಂಡಿದ್ದಳು.

“ಅಕ್ಕಾ, ಈ ಹರಿಕಥೆ ವಾಪಸ್ ತಗೊಂಬಿಡಿ. ಶ್ರಾವಣ ಅಂತ ಉಗ್ರಪ್ಪನ ಅಂಗಡೀಲಿ ತಗೊಂಡೆ. ಮಂಗಳ ಹಾಡಿ ಮುಗಿದು ಸುಮ್ನಾಗುತ್ತೆ, ಆಮೇಲೆ ಯಾವನೋ ಗಂಡಸು ಮಾತಾಡ್ತಾನೆ ಕಣಕ್ಕಾ. ಅಳ್ತಾನೆ. ನಮ್ಮತ್ತೆ ದೆವ್ವ ಅಂತ ಬಾಗಿಲಿಗೆ ಬೇವಿನಸೊಪ್ಪು ಕಟ್ಟವ್ರೆ.”

“ಏನಂತಾನೆ?” ಅಂದೆ.

“‘ಲೇ ಇವಳೇ, ಎಲ್ಲಾರೂ ಎದ್ದೋದ್ರಾ?’ ಅಂತಾನೆ.”

ಅವಳ ಕೈಯಿಂದ ಕ್ಯಾಸೆಟ್ಟು ಕಿತ್ತುಕೊಂಡೆ. ಮದುವೆಯಾದಂದಿನಿಂದ ನನ್ನ ಹೆಸರು ಹಿಡಿದು ಕರೆಯದೆ ‘ಇವಳೇ’ ಅನ್ನುವವರು ನನಗೆ ಒಬ್ಬರೇ ಇದ್ದಾರೆ.

ಯುಗಾದಿಗೆ ಮುಂಚೆ ನೀವು ಮಾತು ತುಂಬಿ ಕಳಿಸಿದ ಕ್ಯಾಸೆಟ್ಟು ಬಂದ ದಿವಸ ನಡುಮನೆಯಲ್ಲಿ ಜಾತ್ರೆ. ಅತ್ತೆ, ಅವರ ತಂಗಿಯರು, ಮೇಷ್ಟ್ರು, ಬೀದಿಯವರೆಲ್ಲ ಚಾಪೆ ಹಾಸಿಕೊಂಡು ಕೂತಿದ್ದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದೆ. ಊಟ ಚೆನ್ನಾಗಿದೆ, ಕೆಲಸ ಹಗುರ, ಅವ್ವ ಮಾತ್ರೆ ತಗೋ ಅಂದಿರಿ. ಮುಗಿಸ್ತೀನಿ ಅಂದಿರಿ. ಟೇಪು ಬರೀ ಸುಯ್ಯೆನ್ನತೊಡಗಿತು, ರೇವಣ್ಣ ನಿಲ್ಲಿಸಿದ. ನನಗೆ ಅದನ್ನು ಕೋಣೆಗೆ ಒಯ್ದು ಇನ್ನೊಂದು ಸಲ ನಿಮ್ಮ ದನಿ ಕೇಳಬೇಕು ಅಂತ ಎಷ್ಟು ಆಸೆಯಾಗಿತ್ತು! ಅತ್ತೆಯ ಮುಂದೆ ಹೇಗೆ ಕೇಳಲಿ? ನಾಚಿಕೆಯಾಗಿ ಒಲೆಯ ಮುಂದೆ ಹೋಗಿ ಕೂತೆ. ಈಗ ಶ್ರಾವಣಕ್ಕೆ ಖಾಲಿ ಕ್ಯಾಸೆಟ್ಟು ಸಾಲದೆ ಹೋದಾಗ ಆ ಪುಣ್ಯಾತ್ಮ ನಿಮ್ಮದರ ಮೇಲೇ ಹರಿಕಥೆ ತುಂಬಿ, ಅದು ಮುಗಿದಲ್ಲಿಗೆ ನಿಲ್ಲಿಸಿ, ಅದರಿಂದಲೇ ಮಿಕ್ಕ ನಕಲುಗಳನ್ನೆಲ್ಲ ತೆಗೆದಿದ್ದಾನೆ; ಹರಿಕಥೆಯ ಆಚೆ ಅಳಿಯದೆ ಉಳಿದಿದ್ದ ನಿಮ್ಮ ದನಿಯೂ ಅವುಗಳ ಜೊತೆ ಹೋಗಿದೆ.

ಟೇಪ್‌ರೆಕಾರ್ಡರನ್ನು ಅಟ್ಟದಿಂದ ಇಳಿಸಿ, ಕಂಬಳಿ ಹೊದ್ದು ಅದರೊಳಗೇ ಹಾಕಿ ಕೇಳಿದೆ. ಹೊರಗೆ ಪೊಲೀಸರು ಕೇಳಿಸಿಕೊಂಡಾರು ಅಂತ ಒಂದು ಭಯ, ನೀವು ಏನು ಹೇಳುತ್ತೀರೋ ಅಂತ ಇನ್ನೊಂದು. ದಾಸರು ಮಂಗಳ ಹಾಡಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನೀವು ಕೆಮ್ಮಿದಿರಿ.

“ಲೇ ಇವಳೇ, ಎಲ್ಲಾರೂ ಎದ್ದೋದ್ರಾ? ಅವ್ವನ ಮುಂದೆ ಹೇಳೋ ಮಾತಲ್ಲ. ಸಿಂಗಪೂರದ ಹತ್ರ ಕಳ್ಳರು ಹಡಗು ಹತ್ತಿದ್ರು ಕಣೇ. ಸಣ್ಣ ದೋಣೀಲಿ ಬಂದು, ಕೊಕ್ಕೆ ಹಗ್ಗ ಎಸೆದು. ನಾನು ಎಂಜಿನ್ ರೂಮಲ್ಲಿದ್ದೆ. ಕುತ್ತಿಗೆಗೆ ಕತ್ತಿ ಇಟ್ರು. ಹಿಡಿದೋನು ನಮ್ಮ ರೇವಣ್ಣನ ವಯಸ್ಸಿನೋನು. ಬೆಳ್ಳೀದು ಅಂತ ಕೊರಳ ಕರಡಿಗೆ ಕಿತ್ಕೊಂಡ. ಲಿಂಗ ಸಮೇತ ಕಣೇ. ಅದೊಂದು ಕೊಡಪ್ಪಾ ಅಂತ ಕಾಲಿಗೆ ಬಿದ್ದೆ, ಅವನಿಗೆ ಭಾಷೆ ತಿಳೀಲಿಲ್ಲ.”

ಆಮೇಲೆ ನೀವು ಅತ್ತಿರಿ. ನಿಮ್ಮ ಅಳುವನ್ನು ನಾನು ಅದೇ ಮೊದಲು ಕೇಳಿದ್ದು. ಅತ್ತೆ ನಿಮಗೆ ಐದನೇ ವಯಸ್ಸಿನಲ್ಲಿ ಕಟ್ಟಿಸಿದ ಲಿಂಗ ಅದು. ಅವರಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ನೀವು ಬನ್ನಿ, ಮಠಕ್ಕೆ ಹೋಗಿ ಸ್ವಾಮಿಗಳ ಕೈಯಿಂದ ಇನ್ನೊಂದು ಕಟ್ಟಿಸಿಕೊಂಡರಾಯಿತು. ಕೊರಳು ಇದ್ದರೆ ತಾನೆ ಕಟ್ಟುವುದು.

ರೇವಣ್ಣನ ಪರವಾಗಿ ಮೇಷ್ಟ್ರ ಹತ್ತಿರ ಜಗಳವಾಡಿದವಳು ನಾನು. ಈಗ ಆ ಹರಿಕಥೆ ದಾಸರು ನೆನಪಾಗುತ್ತಾರೆ. ತಮ್ಮ ದನಿ ಯಾರು ಯಾರ ಮನೆಯಲ್ಲಿ ಕೂಗುತ್ತಿದೆ ಅಂತ ಅವರಿಗೂ ಗೊತ್ತಿಲ್ಲವಲ್ಲ. ನನ್ನೊಬ್ಬಳಿಗೆ ಅಂತ ನೀವು ಹೇಳಿದ ಮಾತನ್ನು ಕಾಮಾಕ್ಷಿಪಾಳ್ಯವೆಲ್ಲ ಕೇಳಿದೆ, ನನ್ನನ್ನು ಬಿಟ್ಟು. ರೇವಣ್ಣ ಸಿಕ್ಕಿದರೆ ಪೊಲೀಸರಿಗಿಂತ ಮೊದಲು ನಾನು ವಿಚಾರಿಸಿಕೊಳ್ಳುತ್ತೇನೆ.

ಅತ್ತೆಯ ಆಶೀರ್ವಾದಗಳು. ಎಡೆಯೂರು ಸಿದ್ದಲಿಂಗಪ್ಪ ನಿಮ್ಮನ್ನು ನೆಲದ ಮೇಲೆ ಕಾಯಲಿ, ನೀರಿನ ಮೇಲೆ ಇನ್ನು ಸಾಕು. ನಿಮ್ಮ ದಾರಿ ಕಾಯುತ್ತಾ,

ನಿಮ್ಮವಳು,
ಗಿರಿಜಾದೇವಿ

ಮತ್ತೆ: ಕಾಗದ ಮಡಿಸಿದವಳು ಬಿಚ್ಚಿದೆ. ಬರೆಯದೆ ಬಿಟ್ಟದ್ದನ್ನು ಬರೆಯದೆ ಇರಲಾರೆ. ಅತ್ತು ಸುಧಾರಿಸಿಕೊಂಡ ಮೇಲೆ ನೀವು ಹೇಳಿದ್ದನ್ನೂ ಕೇಳಿದೆ. “ನಂಗೆ ಹೆದರಿಕೆ ಆಗ್ತದೆ ಕಣೇ. ಬೊಂಬಾಯಿಗೆ ಬಂದಾಗ ಇಳಿದುಬಿಡ್ಲಾ? ಬಾ ಅಂತ ನೀನೊಂದು ಮಾತು ಬರಿ, ಬಂದುಬಿಡ್ತೀನಿ. ಬರೀದೆ ಇದ್ರೆ ಮನೆಗೆ ಕಷ್ಟ ಇದೆ ಅಂತ ತಿಳ್ಕೊಂಡು ಇನ್ನೊಂದು ವರ್ಷಕ್ಕೆ ಸೈನ್ ಹಾಕ್ತೀನಿ.”

ಯುಗಾದಿಗೆ ನಾನು ಏನು ಬರೆದೆ ಅಂತ ನಿಮಗೆ ನೆನಪಿರುತ್ತದೆ. ‘ಇಲ್ಲಿ ಎಲ್ಲರೂ ಕ್ಷೇಮ. ನೀವು ನಿಶ್ಚಿಂತೆಯಿಂದ ಇನ್ನಷ್ಟು ದಿನ ದುಡಿಯಿರಿ. ಬರುವಾಗ ರೇವಣ್ಣನಿಗೆ ಇನ್ನೊಂದು ಟೇಪ್‌ರೆಕಾರ್ಡರ್ ಬೇಕಂತೆ.’ ಅದಕ್ಕೆ ನಿಮ್ಮಿಂದ ಬಂದದ್ದು ಆ ಒಂದೇ ಸಾಲು: ‘ಆಗಲಿ, ಸೈನ್ ಹಾಕಿದ್ದೇನೆ.’ ನಾನು ಕೇಳಿರಲಿಲ್ಲ ರೀ. ನಿಮ್ಮಾಣೆ, ಕೇಳಿರಲಿಲ್ಲ.

ಅವತ್ತು ನರಸಮ್ಮ ಮೆಟ್ಟಿಲು ಇಳಿದವಳು ತಿರುಗಿ ನಿಂತು, “ಯಾರೋ ಏನೋ ಪಾಪ. ಅವ್ರ ಹೆಂಡ್ತಿ ಬಾ ಅಂತ ಬರೆದಿರ್ತಾಳೆ, ಅಲ್ವಾ ಅಕ್ಕಾ?” ಅಂತ ಕೇಳಿದಳು.

ನಾನು ಹೂಂ ಅಂದೆ.