ನಾಲ್ಕು ಮೀನಿನ ಸುಳ್ಳು

ಗಾಂಧಿನಗರ, ಬಳ್ಳಾರಿ
ಶ್ರಾವಣ, ೧೯೮೫

ಲೇ ಹುಸೇನಬಾಷಾ,

ನಿನ್ನ ಅಮ್ಮ ಮೀರಾಬಿ ಮೊನ್ನೆ ಶುಕ್ರವಾರ ತೀರಿಕೊಂಡಳು. ಸಿರುಗುಪ್ಪದಲ್ಲಿ ನಿನ್ನ ಪಕ್ಕದಲ್ಲೇ ಮಣ್ಣು ಮಾಡಿ ಬಂದೆವು. ಹದಿಮೂರು ವರ್ಷದ ಹಿಂದೆ ಸತ್ತವನಿಗೆ ಕಾಗದ ಬರೆಯುವಷ್ಟು ಹುಚ್ಚ ನಾನಲ್ಲ. ಆದರೆ ಈ ಮಾತನ್ನು ಬದುಕಿರುವವರ ಮುಂದೆ ಹೇಳುವ ಧೈರ್ಯವೂ ನನಗಿಲ್ಲ.

ನಮ್ಮ ಗೆಳೆತನವನ್ನು ನಮ್ಮೂರು ಹಚ್ಚೊಳ್ಳಿಯ ಜನ ಈಗಲೂ ಹೊಗಳುತ್ತಾರೆ. ಶಾಲೆ ಬಿಟ್ಟ ಮೇಲೆ ನೀನು ಸಿರುಗುಪ್ಪದ ಪೇಟೆಯಲ್ಲಿ ಹೊಲಿಗೆ ಮಷಿನ್ ಹಾಕಿದೆ, ನಾನು ಗದ್ದೆಯಲ್ಲಿ ಉಳಿದೆ. ನನ್ನ ಪ್ರತಿ ಅಂಗಿಗೂ ನೀನು ಬೇಕೆಂದೇ ಒಂದು ಗುಂಡಿ ಬೇರೆ ಬಣ್ಣದ್ದು ಹಚ್ಚುತ್ತಿದ್ದೆ. ಕೇಳಿದರೆ, "ಸಂತ್ಯಾಗ ಕಳದ್ರ ಗುರ್ತು ಹಿಡಿಯಾಕ ಬೇಕಲ್ಲಲೇ" ಎನ್ನುತ್ತಿದ್ದೆ. ಹಸಿರು ಗುಂಡಿಯ ಕೊನೆಯ ಅಂಗಿ ಟ್ರಂಕಿನಲ್ಲಿದೆ. ಈಗ ಹೊಟ್ಟೆಗೆ ಹತ್ತುವುದಿಲ್ಲ.

ನಮ್ಮ ಮನೆಗೆ ಬಂದರೆ ನಿನಗೆ ಊಟ ಹೊರಗೆ, ಕಟ್ಟೆಯ ಮೇಲೆ. ನಿನ್ನ ತಾಟು ಬೇರೆ. ನಮ್ಮವ್ವ ಅದನ್ನು ದನದ ಕೊಟ್ಟಿಗೆಯ ಗೂಡಿನಲ್ಲಿ ಇಡುತ್ತಿದ್ದಳು. ಉಂಡು ನೀನೇ ತೊಳೆದಿಡುತ್ತಿದ್ದೆ. ಒಂದು ದಿನವೂ ಮುಖ ಸಣ್ಣದು ಮಾಡಲಿಲ್ಲ. ನಾನೂ ಒಂದು ದಿನ ಅವ್ವನಿಗೆ ಎದುರಾಡಲಿಲ್ಲ. ಎದುರಾಡುವ ಬದಲು ಮೀನು ತಂದೆ.

ಕುರುಗೋಡಿನ ಖೈರುನ್ನೀಸಾಳ ಜೊತೆ ನಿನ್ನ ಮದುವೆ ಗೊತ್ತಾದ ವಾರ ಅದು. ಬೆಳಿಗ್ಗೆ ಗದ್ದೆಗೆ ಹೋದರೆ ಪಕ್ಕದ ಕಾಲುವೆಯಲ್ಲಿ ನಾಲ್ಕು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನಿನಗೆ ಮೀನೆಂದರೆ ಪ್ರಾಣ. ಹುಟ್ಟಿದಾಗಿನಿಂದ ಮೀನು ಮುಟ್ಟದವನು ನಾನು, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಬೆನ್ನಿಗೆ ತಿರುಗಿಸಿಕೊಂಡೆ, ಶಿವನಿಗೆ ಕಾಣದಿರಲಿ ಎಂದು. ನಾಲ್ಕನ್ನೂ ಟವೆಲ್ಲಿನಲ್ಲಿ ಕಟ್ಟಿ ಸಿರುಗುಪ್ಪದ ಬಸ್ಸು ಹತ್ತಿದೆ. ಹಿಂದಿನ ಸಂಜೆ ಮೇಲಿನ ಗದ್ದೆಯ ದುರುಗಪ್ಪ ಭತ್ತದ ಹುಳಕ್ಕೆ ಎಂಡ್ರಿನ್ ಹೊಡೆಸಿದ್ದ. ಹಾಗೆ ಹೊಡೆದ ಮೇಲೆ ಎಂಟು ದಿನ ಕಾಲುವೆಯ ಮೀನು ಮುಟ್ಟಬಾರದೆಂದು ಮೀನು ತಿನ್ನುವ ಮನೆಯ ಕೂಸಿಗೂ ಗೊತ್ತು. ಬೇಳೆಸಾರಿನಲ್ಲಿ ಬೆಳೆದ ನನಗೆ ಯಾರೂ ಹೇಳಿರಲಿಲ್ಲ. ಔಷಧಿಯ ವಾಸನೆ ಮೂಗಿಗೆ ಬಡಿದಿತ್ತು. ಮೀನಿನ ವಾಸನೆಯೇ ಹೀಗಿರಬೇಕು ಎಂದುಕೊಂಡೆ.

ಗಂಟು ಬಿಚ್ಚಿ ನೀನು ಬಿದ್ದು ಬಿದ್ದು ನಕ್ಕೆ. "ಅಮ್ಮಾ ಬಾ ಇಲ್ಲಿ, ಅಯ್ನೋರು ಮೀನು ಹಿಡ್ದಾರ!" ಆಮೇಲೆ ನಗು ನಿಲ್ಲಿಸಿ ಕೇಳಿದೆ: "ಖರೇ ಹೇಳಲೇ, ಹಿಡಿದಾಗ ಜೀವ ಇತ್ತೇನು? ಸತ್ತು ತೇಲಿದ್ದು ನಮಗ ಆಗಂಗಿಲ್ಲ."

"ಇತ್ತಲೇ, ಪಟಪಟ ಒದ್ಯಾಡ್ತಿದ್ವು" ಎಂದೆ. ಶಿವನನ್ನು ಬೆನ್ನಿಗೆ ಹಾಕಿಕೊಂಡು ತಂದದ್ದನ್ನು ನೀನು ಚರಂಡಿಗೆ ಎಸೆಯುವುದನ್ನು ನೋಡಲಾರದೆ ಹೇಳಿದ ಸುಳ್ಳು ಅದು.

ಮಧ್ಯಾಹ್ನ ಅಮ್ಮ ಸಾರು ಮಾಡಿದಳು. ಇದ್ದದ್ದೇ ನಾಲ್ಕು, ಎಲ್ಲವನ್ನೂ ನಿನಗೇ ಬಡಿಸಿದಳು. ನೀನು ಮುಳ್ಳು ಬಿಡಿಸಿ ತಿನ್ನುವುದನ್ನು ನಾನು ಎದುರಿಗೆ ಕೂತು ನೋಡಿದೆ. ನನ್ನ ಬದುಕಿನಲ್ಲಿ ಅಷ್ಟು ಸುಖದ ಊಟ ಇನ್ನೊಂದಿಲ್ಲ, ತಿಂದವನು ನಾನಲ್ಲದಿದ್ದರೂ. ಈಗಲೂ ಆ ನೆನಪನ್ನು ಬಿಸಾಡಲಾರೆ. ಬಿಸಾಡಿದರೆ ನೀನು ನಕ್ಕದ್ದೂ ಅದರ ಜೊತೆ ಹೋಗುತ್ತದೆ. ಸಂಜೆಯೊಳಗೆ ನಿನ್ನ ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಏನೋ ಕೆಟ್ಟದ್ದು ತಿಂದಾನ" ಎಂದು ಹೇಳಿ ಹೋದರು.

ಮೂರನೆಯ ದಿನ ದುರುಗಪ್ಪ ತನ್ನ ಆಳುಗಳಿಗೆ, "ಕಾಲುವಿ ಮೀನು ಮುಟ್ಟಬ್ಯಾಡ್ರಿ, ಎಂಡ್ರಿನ್ ಇಳದೈತಿ" ಎನ್ನುವುದು ಕಿವಿಗೆ ಬಿತ್ತು. ನೀನು ಸತ್ತದ್ದು ಯಾವುದರಿಂದ ಎಂದು ಆಗ ತಿಳಿಯಿತು. ಅಂದಿನಿಂದ ಬಾಯಿ ಹೊಲಿದುಕೊಂಡೆ. ಖೈರುನ್ನೀಸಾಳ ಕಾಲ್ಗುಣವೇ ಸರಿಯಿಲ್ಲ ಎಂದು ಜನ ಆಡಿಕೊಂಡಾಗಲೂ ಬಿಚ್ಚಲಿಲ್ಲ.

ನಿನ್ನ ಅಮ್ಮ ನನ್ನನ್ನೇ ಮಗ ಎಂದಳು. ವರ್ಷ ವರ್ಷ ನಿನ್ನ ಹೆಸರಿನಲ್ಲಿ ಫಾತೆಹಾ ಓದಿಸುವ ದಿನ, ಊರು ಬಿಟ್ಟು ಬಳ್ಳಾರಿ ಸೇರಿದ ನನ್ನನ್ನು ಕರೆಸಿ ಬಂದವರಿಗೆಲ್ಲ ತೋರಿಸುತ್ತಿದ್ದಳು: "ನನ್ನ ಮಗನ ಸಲುವಾಗಿ ಮೀನು ಮುಟ್ಟಿದಾಂವ ಇವ." ನಾನು ತಲೆ ತಗ್ಗಿಸುತ್ತಿದ್ದೆ. ಜನ ಅದನ್ನು ವಿನಯ ಎಂದುಕೊಂಡರು.

ಗುರುವಾರ ಹಾಸಿಗೆಯ ಪಕ್ಕ ಕೂಡಿಸಿಕೊಂಡು ನನ್ನ ಕೈ ಹಿಡಿದಳು. "ಉಜ್ಜಿನಾ, ಆ ಮೀನು ಕೊಯ್ಯುವಾಗ ಕಿವಿರು ಬೆಳ್ಳಗಾಗಿದ್ವು. ತಾಜಾ ಮೀನಿಂದು ಕೆಂಪಗ ಇರ್ತಾವ. ನೀ ಬೆಳಿಗ್ಗೆ ತಂದಿದ್ದಿ. ನಾ ಜೋಳ ಬೀಸಿಸಾಕ ಗಿರಣಿಗೆ ಹೋಗಿ ತಡ ಮಾಡಿದೆ. ಬಿಸಿಲಿಗೆ ಕೆಟ್ಟಿದ್ವು, ಗೊತ್ತಿದ್ದೂ ಮಾಡಿ ಹಾಕಿದೆ. ನನ್ನ ಮಗನ್ನ ನಾನ ಕೊಂದೆನಪ್ಪ." ಹದಿಮೂರು ವರ್ಷ ಒಬ್ಬಳೇ ಹೊತ್ತುಕೊಂಡಿದ್ದಳು. ಆಮೇಲೆ ನೀನು ಕೇಳಿದ್ದನ್ನೇ ಕೇಳಿದಳು: "ನೀ ಹಿಡಿದಾಗ ಅವು ಬದುಕಿದ್ವಲ್ಲ?"

ಒಂದು "ಇಲ್ಲ" ಅವಳ ಹೊರೆ ಇಳಿಸಲು ಸಾಕಿತ್ತು, ಹುಸೇನ. ಆದರೆ ಆ ಕೈ ನನ್ನ ಕೈಯನ್ನು ಬಿಟ್ಟೀತು ಎಂದು ಹೆದರಿದೆ. "ಬದುಕಿದ್ವು ಅಮ್ಮಾ" ಎಂದೆ. ಅವಳು ತಲೆಯಾಡಿಸಿ ಗೋಡೆಯ ಕಡೆ ಹೊರಳಿದಳು. ಮರುದಿನ ಹೋದಳು.

ಈಗ ಅವಳು ನಿನ್ನ ಹತ್ತಿರ ಬಂದಿದ್ದಾಳೆ. ನಾನೇ ಕೊಂದೆ ಎಂದು ನಿನ್ನ ಮುಂದೆ ಕೈ ಮುಗಿಯಲು ಬಂದರೆ ಮುಗಿಯಗೊಡಬೇಡ. ನಿಜವನ್ನು ನೀನೇ ಹೇಳು. ಕ್ಷಮಿಸು ಎಂದು ನಾನು ಕೇಳುವುದಿಲ್ಲ. ನಾನೂ ಬರುವ ದಿನ ಒಂದು ತಾಟು ಬೇರೆ ಇಡಿಸು, ಹೊರಗೆ, ಕಟ್ಟೆಯ ಮೇಲೆ. ಉಂಡು ನಾನೇ ತೊಳೆದಿಡುತ್ತೇನೆ.

ಅಮ್ಮನ ಮಡಿಲಲ್ಲಿ ತಣ್ಣಗಿರು.

ಇಂತಿ,
ನೀನು ಗುರುತಿಗೆಂದು ಗುಂಡಿ ಹಚ್ಚಿಕೊಟ್ಟ
ಉಜ್ಜಿನಪ್ಪ