ಮೂರು ನಿಮಿಷಕ್ಕೆ ಹದಿನೇಳು ಸ್ಕ್ರೂ

ಮನೆ, ಮಾರ್ಚ್ ೧೧
ಬುಧವಾರ ಮಧ್ಯಾಹ್ನ

ಮುದ್ದಿನ ಪುಟ್ಟೀ,

ಹೇಗಿದ್ದೀಯ? ಮಣಿಕಟ್ಟಿನ ನೋವು ಇಳಿಯಿತೇ? ದಿನವಿಡೀ ಪಿಯಾನೋದೊಳಗೆ ಬಗ್ಗಿ ತಂತಿ ಮೀಟುತ್ತಿದ್ದರೆ ಕೈಯೊಂದೇ ಅಲ್ಲ, ಸೊಂಟವೂ ಹಿಡಿದುಕೊಳ್ಳುತ್ತದೆ. ಶ್ರುತಿ ಮಾಡುತ್ತ ಮೂವತ್ತು ವರ್ಷ ಬಗ್ಗಿದವನು ಹೇಳುತ್ತಿದ್ದೇನೆ, ಕೇಳು. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದಾಗಿನಿಂದ ಅಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನನ್ನ ಒಳ್ಳೆಯ ಅಂಗಿಗೆ ಆಗಲೇ ಇಸ್ತ್ರಿ ಹಾಕಿಟ್ಟು, "ಮಗಳು ಕರ್ದಿದಾಳೆ, ಮುಖ ಸ್ವಲ್ಪ ನೆಟ್ಟಗೆ ಇಟ್ಕೊಳ್ಳಿ" ಎಂದು ಗದರುತ್ತಾಳೆ. ಮುಖ ನೆಟ್ಟಗೇ ಇದೆ, ಒಳಗೆ ಏನೂ ಇಲ್ಲ, ಅಷ್ಟೇ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ದವಡೆ ಇರುತ್ತದಲ್ಲ, ಹಾಗೆ. ಖುಷಿಯೂ ಆಗಲಿಲ್ಲ, ಬೇಜಾರೂ ಆಗಲಿಲ್ಲ.

ಮುಂದಿನ ತಿಂಗಳು ಆ ಮೂರು ನಿಮಿಷದ ಕೃತಿಯನ್ನು ನುಡಿಸುತ್ತೀಯ, ಸ್ವರದ ಬದಲು ಬೇರೆ ಬೇರೆ ಸದ್ದು ಬರಲೆಂದು ತಂತಿಗಳ ನಡುವೆ ಹದಿನೇಳು ಸ್ಕ್ರೂಗಳನ್ನೂ ರಬ್ಬರಿನ ಚೂರುಗಳನ್ನೂ ಕೂರಿಸಲು ನಾನೇ ಬರಬೇಕು ಎಂದಿದ್ದೀಯ. ನಿನ್ನೆ ನಿನ್ನ ನಕ್ಷೆಯಂತೆ ಮನೆಯ ಪಿಯಾನೋಗೆ ಕೂರಿಸಿ ನೋಡಿದೆ. ಒಂದು ಕೀ ಒತ್ತಿದರೆ ತಗಡು ಬಡಿದ ಸದ್ದು, ಇನ್ನೊಂದು ಒತ್ತಿದರೆ ಮುಚ್ಚಿದ ಬಾಗಿಲ ಹಿಂದೆ ಯಾರೋ ಕೆಮ್ಮಿದ ಸದ್ದು. ದಪ್ಪ ತಂತಿಗಳನ್ನು ಅಂಗೈಯಲ್ಲಿ ಅದುಮಿ ಹಿಡಿದು ನುಡಿಸುವ ಜಾಗವನ್ನು ಮೂರು ಸಲ ನುಡಿಸಿದೆ. ಚೆನ್ನಾಗಿದೆ ಪುಟ್ಟೀ. ಅಮ್ಮ ಮಾತ್ರ ಅಡುಗೆಮನೆಯಿಂದ ಓಡಿ ಬಂದು ಏನು ಬಿತ್ತೆಂದು ಕೇಳಿದಳು.

ಎರಡು ವರ್ಷದ ಹಿಂದೆ, ನಿನ್ನ ಮೊದಲ ಕಾರ್ಯಕ್ರಮದ ದಿನ ಬೆಳಿಗ್ಗೆ, ಸಭಾಂಗಣದ ಪಿಯಾನೋದಲ್ಲಿ ಇದೇ ಕೃತಿಗೆಂದು ನೀನು ಕೂರಿಸಿದ್ದ ಇವನ್ನೆಲ್ಲ ಕಿತ್ತು ಅಪ್ಪಟ ಶ್ರುತಿ ಮಾಡಿಟ್ಟವನು ನಾನು. ಸಂಜೆ ನೀನು ಮೊದಲ ಕೀ ಒತ್ತಿದಾಗ ಸ್ವರ ತೊಳೆದಿಟ್ಟ ಹಾಗೆ ಬಂತು. ನಿನ್ನ ಕೈ ಅಲ್ಲೇ ನಿಂತುಹೋಯಿತು. ಎದ್ದು ಒಳಗೆ ಹೋದವಳು ವಾರದೊಳಗೆ ಊರನ್ನೂ ಬಿಟ್ಟೆ. ಯಾರೋ ಪೋಕರಿಗಳು ತುರುಕಿದ ಕಸ ಅಂದುಕೊಂಡೆ ಎಂದು ನಾನು ಎಲ್ಲರಿಗೂ ಹೇಳಿದೆ. ಎಲ್ಲರೂ ನಂಬಿದರು. ಈಗ ನೀನೂ "ನಿಂಗೇನ್ ಗೊತ್ತಿತ್ತಪ್ಪಾ, ಬಿಟ್ಬಿಡು" ಎಂದು ಬರೆದಿದ್ದೀಯ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕೈ ಜೋಪಾನ. ಅಮ್ಮನ ಮುತ್ತು, ನನ್ನ ಆಶೀರ್ವಾದ, ಎರಡನ್ನೂ ಇದರಲ್ಲೇ ಸೇರಿಸಿದ್ದೇನೆ.

ನಿನ್ನ
ಅಪ್ಪ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ಆ ಬೆಳಿಗ್ಗೆ ಪಿಯಾನೋದ ಮುಚ್ಚಳ ಎತ್ತಿದಾಗ ತಂತಿಗಳ ಮೇಲೆ ನಿನ್ನ ಚೀಟಿ ಇತ್ತು: "ಅಪ್ಪಾ, ಇದು ನಾನೇ ಮಾಡಿದ್ದು. ದಯವಿಟ್ಟು ಮುಟ್ಟಬೇಡ." ಕಸ ಗುಡಿಸುವವರು ಅದನ್ನು ಎಸೆದಿರಬೇಕು ಎಂದು ನೀನು ಅಂದುಕೊಂಡೆ, ನಾನು ಅದನ್ನು ತಿದ್ದಲಿಲ್ಲ. ಎಸೆದಿರಲಿಲ್ಲ. ನಾನು ಓದಿದೆ. ನಾನು ಶ್ರುತಿ ಮಾಡುವ ಪಿಯಾನೋ ಜನರೆದುರು ಹಾಗೆ ಅರಚುವುದು ನನಗೆ ಬೇಡವಾಗಿತ್ತು. ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಮೊದಲ ಸ್ಕ್ರೂಗೆ ಕೈ ಹಾಕಿದೆ. ಇದನ್ನು ತಿಳಿದ ಮೇಲೂ ಬಾ ಅನ್ನುವುದಾದರೆ ಬರೆ. ಅಮ್ಮನಿಗೆ ಇನ್ನೂ ಹೇಳಿಲ್ಲ.