ಲುಂಗಿ ಉಟ್ಟ ಮೂಲಂಗಿ

ಹುಳಿಯಾರು ಸಂತೆಯ ತರಕಾರಿ ಸಾಮ್ರಾಜ್ಞಿ ಸಿದ್ದಮ್ಮಜ್ಜಿಯವರ ಸನ್ನಿಧಾನಕ್ಕೆ, ಟೈಲರ್ ಫಕ್ರುದ್ದೀನರ ಮಗ ವಸೀಮ್ ಮಾಡುವ ಸಲಾಮು. ಇದನ್ನು ಓದಿ ಹೇಳುವ ನಿಮ್ಮ ಮೊಮ್ಮಗಳು ಕೃತಿಕಾ ನಡುವೆ ನಗತಕ್ಕದ್ದಲ್ಲ.

ನಿಮ್ಮ ತೆಂಗಿನ ಸಾಲಿನ ನಡುವೆ ಬೆಳೆದ ಎರಡು ಕಾಲಿನ ಮೂಲಂಗಿಗೆ ಅಬ್ಬಾನ ಅಂಗಡಿಯ ಚೂರು ಬಟ್ಟೆಯಲ್ಲಿ ಲುಂಗಿ ಹೊಲಿದು ಉಡಿಸಿ, ನಿಮ್ಮ ರಾಶಿಯ ಮೇಲೆ ನಿಲ್ಲಿಸಿದವನು ನಾನೇ. ಸಂತೆಯೆಲ್ಲ ನಕ್ಕಿತು, ಫೋಟೊ ತೆಗೆಯಿತು, ಯಾರೂ ಕೊಳ್ಳಲಿಲ್ಲ. "ನಗ್ರಪ್ಪ, ನಗೋಕೇನು ಕಾಸು ಕೊಡ್ಬೇಕಾ" ಎಂದು ನೀವು ಚೀಲ ಕಟ್ಟಿ ಬಸ್ಸು ಹತ್ತಿದಿರಿ. ಆಮೇಲೆ ಸಂತೆಗೆ ಬರಲೇ ಇಲ್ಲ.

ನೀವು ಬಿಟ್ಟುಹೋದ ಆ ಮೂಲಂಗಿಯನ್ನು ಮನೆಗೆ ತಂದೆ. ಅಮ್ಮಿ ಲುಂಗಿ ಬಿಚ್ಚಿ ಸಾರಿಗೆ ಹಾಕಿದಳು. "ಸಾರು ಭಾಳ ರುಚಿಯಾಗೈತೆ ಕಣೇ, ಮೂಲಂಗಿ ಯಾರ್ ಹತ್ರ ತಗೊಂಡೆ?" ಎಂದು ಅಬ್ಬಾ ಕೇಳಿದರು. ಅಮ್ಮಿ ನನ್ನ ಮುಖ ನೋಡಿದಳು. ನಾನು ತಟ್ಟೆ ಎತ್ತಿಕೊಂಡು ಎದ್ದೆ.

ನಿಮ್ಮ ಜಾಗದ ಮೇಲೆ ಟೊಮೇಟೊದವನು ಕಣ್ಣು ಹಾಕಿದ್ದಾನೆ. ಪ್ರತಿ ಸಂತೆಯ ಬೆಳಗ್ಗೆ ಅಲ್ಲಿ ನನ್ನ ಸ್ಕೂಟರ್ ನಿಲ್ಲಿಸಿ, ಕೀ ಕಳೆದುಹೋಗಿದೆ ಎನ್ನುತ್ತಿದ್ದೇನೆ. ಇನ್ನು ಯಾರೂ ನಂಬುವಂತಿಲ್ಲ. ಸೊಟ್ಟ ಮೂಲಂಗಿಯೋ, ಮೂಗು ಬಂದ ಬದನೆಯೋ, ಇದ್ದದ್ದನ್ನು ತನ್ನಿ. ಮೊದಲು ಸಂತೆಗೆಲ್ಲ ಕೇಳುವಂತೆ ನನಗೆ ಬೈಯಿರಿ. ಆಮೇಲೆ ಸ್ಕೂಟರ್ ತೆಗೆಯುತ್ತೇನೆ.

ಇಂತಿ ನಿಮ್ಮ ಜಾಗ ಕಾಯುತ್ತಿರುವ ಅಪರಾಧಿ,
ವಸೀಮ್